ಎಚ್‌ಎಂಟಿ ಜನತಾ: ವರ್ಷಗಟ್ಟಲೆ ಕಟ್ಟಿ ನೋಡಿದ ಮೇಲಿನ ವಿಮರ್ಶೆ

ವಾಚು: ಎಚ್‌ಎಂಟಿ ಜನತಾ, ಕೀ ಕೊಡುವಂಥದ್ದು, 17 ಜ್ಯುವೆಲ್ (ಚಕ್ರಗಳ ಮೊನೆ ಕೂರುವ ಕಲ್ಲುಗಳು ಇತ್ಯಾದಿ). ತಾರೀಕು, ವಾರ ಯಾವುದೂ ಇಲ್ಲ, ಮೂರು ಮುಳ್ಳು ಅಷ್ಟೆ. ಕೇಸ್ ಅಗಲ ಸುಮಾರು 35 ಮಿ.ಮೀ., ಬೆಲ್ಟು 18 ಮಿ.ಮೀ. ಹೆಚ್ಚಿನವುಗಳ ಒಳಗಿರುವುದು 0231 ಮೆಷಿನ್.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸರಿಯಾಗಿ ಬಿಚ್ಚಿ ತೊಳೆದು ಎಣ್ಣೆ ಹಾಕಿಸಿದ ಜನತಾ ಇವತ್ತಿಗೂ ದಿನಬಳಕೆಗೆ ಧಾರಾಳವಾಗಿ ಸಾಕು. ಡಯಲ್‌ಗೆ ಬಣ್ಣ ಬಳಿದು, ಕೇಸ್ ಉಜ್ಜಿ, ಒಳಗೆ ಹಳೆಯ ಎಣ್ಣೆ ಒಣಗಿ ಕೂತಿರುವ ಜನತಾಗೆ ಕಾಸು ಕೊಡಬೇಡಿ. ಮಾರುಕಟ್ಟೆಯಲ್ಲಿ ಈ ಎರಡನೆಯ ಬಗೆಯೇ ಹೆಚ್ಚು. ಮನೆಯ ಪೆಟ್ಟಿಗೆಯಲ್ಲಿ ಅಜ್ಜನದೋ ಅಪ್ಪನದೋ ಒಂದು ಜನತಾ ಸಿಕ್ಕಿದರೆ, ಅದು ಎಷ್ಟೇ ಮಂಕಾಗಿದ್ದರೂ ಇವುಗಳಿಗಿಂತ ಮೇಲು.

ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದಿಂದ ಕೈಗಡಿಯಾರಕ್ಕೆ ಕೈಹಾಕಿತು. 1978ರಲ್ಲಿ ತುಮಕೂರಿನ ಕಾರ್ಖಾನೆ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈ ಇತಿಹಾಸ ಬಳಕೆದಾರನಿಗೆ ಯಾಕೆ ಬೇಕು ಅಂದರೆ, ಒಂದೇ ಮೆಷಿನ್ ದಶಕಗಟ್ಟಲೆ ತಯಾರಾಯಿತು, ಅದನ್ನೇ ಪೈಲಟ್ ಸೇರಿದಂತೆ ಹಲವು ಮಾಡೆಲ್‌ಗಳಿಗೂ ಹಾಕಿದರು. ಹಾಗಾಗಿ ಕಾರ್ಖಾನೆ ಇಲ್ಲದಿದ್ದರೂ ಬಿಡಿಭಾಗಕ್ಕೆ ಪರದಾಟವಿಲ್ಲ. ಕೇಸ್ ಹಾಳಾದ ಇನ್ನೊಂದು ವಾಚು ಕೊಂಡರೆ ಬ್ಯಾಲೆನ್ಸ್ ಚಕ್ರ (ಹಿಂದೆ ಮುಂದೆ ಆಡಿ ವೇಗ ಕಾಯುವುದು), ಪ್ಯಾಲೆಟ್ (ಚಕ್ರವನ್ನು ಒಂದೊಂದೇ ಹಲ್ಲಿನಂತೆ ಬಿಡುವ ಪುಟ್ಟ ಕವಲು), ಕೀ ಸಲಾಕೆ ಎಲ್ಲವೂ ಸಿಗುತ್ತವೆ.

ಹಳೆಯ ವಾಚು ಕೈಗೆ ಬಂದ ತಕ್ಷಣ ಎಲ್ಲರೂ ಮಾಡುವ ತಪ್ಪು ಒಂದೇ: ಕೀ ಕೊಟ್ಟು ಕಿವಿಗೆ ಹಿಡಿಯುವುದು. ನಡೆದರೆ ಸಾಕು, ಚೆನ್ನಾಗಿದೆ ಎಂದುಕೊಂಡು ಕಟ್ಟಿಕೊಂಡು ಓಡಾಡುವುದು. ಹತ್ತಿಪ್ಪತ್ತು ವರ್ಷ ನಿಂತಿದ್ದ ವಾಚಿನಲ್ಲಿ ಎಣ್ಣೆ ಇರುವುದಿಲ್ಲ, ಅದರ ಜಾಗದಲ್ಲಿ ಅಂಟು ಇರುತ್ತದೆ. ಹಿಂಭಾಗದ ಮುಚ್ಚಳ ತೆಗೆದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಐ ಗ್ಲಾಸಿನಲ್ಲಿ ಕೆಂಪು ಕಲ್ಲುಗಳನ್ನು ನೋಡಿ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಕಲ್ಲಿನ ನಡುವಿನ ಗುಳಿಯಲ್ಲಿ, ಚಕ್ರದ ಮೊನೆಯ ಸುತ್ತ, ಎಣ್ಣೆ ತೆಳ್ಳಗೆ ಉಂಗುರದಂತೆ ಮಿನುಗುತ್ತದೆ. ಒಣಗಿದ್ದರೆ ಅದೇ ಜಾಗದಲ್ಲಿ ಕಂದು ಬಣ್ಣದ ಕಲೆ, ಒಲೆಯ ಪಕ್ಕದ ಗೋಡೆಯ ಮೇಲೆ ಕೂತ ಜಿಡ್ಡಿನ ಹಾಗೆ. ಅದರಲ್ಲಿ ಧೂಳು, ಲೋಹದ ಪುಡಿ ಸೇರಿಕೊಂಡು ಅರೆಯುವ ಪುಡಿಯಂತೆ ಕೆಲಸ ಮಾಡುತ್ತದೆ. ತೀರಾ ಸಣ್ಣ ಮೊನೆಗಳು ಅದರಲ್ಲೇ ತಿರುಗಿ ಸವೆಯುತ್ತವೆ. ಈ ಮೆಷಿನ್ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಬಡಿಯುತ್ತದೆ. ದಿನಕ್ಕೆ 4,32,000. ಅಷ್ಟು ಬಡಿತ ಒಣ ಕಲ್ಲಿನ ಮೇಲೆ ಬೀಳುವುದು ಬೇಡ. ಯಾವಾಗ ಸರ್ವಿಸ್ ಆಗಿದೆ ಎಂದು ಗೊತ್ತಿಲ್ಲದ ವಾಚನ್ನು ಓಡಿಸಲೇಬೇಡಿ.

ಸರ್ವಿಸ್ ಎಂಬ ಮಾತಿಗೆ ಅಂಗಡಿಯಿಂದ ಅಂಗಡಿಗೆ ಅರ್ಥ ಬೇರೆ. ಕೆಲವು ಕಡೆ ಮೆಷಿನನ್ನು ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ, ಆಡಿಸಿ, ಊದಿ, ಎರಡು ಹನಿ ಎಣ್ಣೆ ಬಿಟ್ಟು ಕೊಡುತ್ತಾರೆ. ವಾಚು ಆರು ತಿಂಗಳು ಚೆನ್ನಾಗಿಯೇ ನಡೆಯುತ್ತದೆ. ಆದರೆ ಬ್ಯಾರಲ್, ಅಂದರೆ ವಾಚನ್ನು ನಡೆಸುವ ಮೇನ್ ಸ್ಪ್ರಿಂಗ್ ಸುತ್ತಿಟ್ಟ ಡಬ್ಬಿ, ಅದರೊಳಗಿನ ಹಳೆಯ ಗ್ರೀಸ್, ಕಲ್ಲಿನ ಗುಳಿಯ ಕೊಳೆ ಹಾಗೇ ಉಳಿದಿರುತ್ತವೆ. ಜೊತೆಗೆ ಹೊಸ ಎಣ್ಣೆ ಹಳೆಯ ಕೊಳೆಯನ್ನು ಕರಗಿಸಿ ಮೊನೆಗೆ ಮೆತ್ತುತ್ತದೆ. ಹಾಗಾಗಿ ಕೊಡುವ ಮುಂಚೆ ನೇರವಾಗಿ ಕೇಳಿ: "ಪೂರ್ತಿ ಬಿಚ್ಚಿ ತೊಳೀತೀರಾ ಸರ್? ಮೇನ್ ಸ್ಪ್ರಿಂಗ್ ಹೊರಗೆ ತೆಗೀತೀರಾ?" ಕೆಲಸ ಬಲ್ಲವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದಲೇ ಉತ್ತರ ಕೊಡುತ್ತಾರೆ.

ಪೂರ್ತಿ ಸರ್ವಿಸ್ ಅಂದರೆ ಹೀಗೆ ನಡೆಯಬೇಕು. ಮೊದಲು ಕ್ಲಿಕ್ (ಕೊಟ್ಟ ಕೀ ಹಿಂದಕ್ಕೆ ಬಿಚ್ಚದಂತೆ ತಡೆಯುವ ಕೊಂಡಿ) ಹಿಡಿದು ಮೇನ್ ಸ್ಪ್ರಿಂಗಿನ ಬಿಗುವನ್ನು ನಿಧಾನಕ್ಕೆ ಇಳಿಸಬೇಕು. ಬಿಗುವು ಇರುವಾಗಲೇ ಪ್ಯಾಲೆಟ್ ತೆಗೆದರೆ ಚಕ್ರಗಳು ರೊಯ್ಯನೆ ತಿರುಗಿ ಹಲ್ಲೋ ಮೊನೆಯೋ ಹೋಗುತ್ತದೆ. ಆಮೇಲೆ ಮುಳ್ಳು, ಡಯಲ್, ಬ್ಯಾಲೆನ್ಸ್, ಪ್ಯಾಲೆಟ್, ಚಕ್ರಗಳ ಸೇತುವೆ, ಬ್ಯಾರಲ್. ತೊಳೆದ ಮೇಲೆ ಪ್ರತಿ ಕಲ್ಲಿನ ತೂತನ್ನೂ ಚೂಪು ಮಾಡಿದ ಮರದ ಕಡ್ಡಿಯಿಂದ ತಿರುಗಿಸಿ ಒರೆಸಬೇಕು. ಕಡ್ಡಿಯ ತುದಿ ಕೊಳೆಯಾಗುವುದು ನಿಲ್ಲುವವರೆಗೂ ಕಡ್ಡಿಯನ್ನು ಮತ್ತೆ ಮತ್ತೆ ಕೆತ್ತಿ ಒರೆಸುವುದು. ಎಣ್ಣೆ ಒಂದೇ ಬಗೆಯದು ಸಾಲದು: ವೇಗವಾಗಿ ತಿರುಗುವ ಚಕ್ರಗಳಿಗೂ ಬ್ಯಾಲೆನ್ಸಿಗೂ ವಾಚಿನ ಎಣ್ಣೆಯ ಕಂಪನಿ ಮೋಬಿಯಸ್‌ನ 9010ರಂಥ ತೆಳು ಎಣ್ಣೆ, ಬ್ಯಾರಲ್ ಮತ್ತು ನಡುಚಕ್ರಕ್ಕೆ ಎಚ್‌ಪಿ 1300ರಂಥ ದಪ್ಪದ್ದು, ಪ್ಯಾಲೆಟ್ ಕಲ್ಲುಗಳಿಗೆ 9415, ಕೀ ತಿರುಗುವ ಭಾಗಕ್ಕೆ ಗ್ರೀಸ್. ಪ್ಯಾಲೆಟ್ಟಿನ ಮೊನೆಗಳಿಗೆ ಎಣ್ಣೆ ಹಾಕಲೇಬಾರದು, ಹಾಕಿದರೆ ಬಡಿತ ಮಂದವಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವುಗಳನ್ನು ವಾಚಿನ ಹತ್ತಿರವೂ ತರಬೇಡಿ. ಹರಡಿಕೊಂಡ ಎಣ್ಣೆ ಬ್ಯಾಲೆನ್ಸಿಗೆ ಕೂಡಿಸಿದ ತೆಳು ಸುರುಳಿಯಾದ ಹೇರ್‌ಸ್ಪ್ರಿಂಗಿಗೆ ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟಿ, ವಾಚು ದಿನಕ್ಕೆ ಎಷ್ಟೋ ನಿಮಿಷ ಮುಂದೆ ಓಡುತ್ತದೆ.

ಬ್ಯಾಲೆನ್ಸಿನ ಮೇಲೆ ಪ್ಯಾರಾಶಾಕ್ ಎಂಬ ಪೆಟ್ಟು ತಡೆಯುವ ಏರ್ಪಾಡು ಇದೆ. ಅದರ ಕಲ್ಲನ್ನು ಹೊರತೆಗೆದು ತೊಳೆಯದಿದ್ದರೆ ಸರ್ವಿಸ್ ಅರ್ಧವೇ ಆದಂತೆ. ಮೇಲಿನ ಪುಟಾಣಿ ಸ್ಪ್ರಿಂಗ್ ಚಿಮುಟದಿಂದ ಜಾರಿದರೆ ನೆಲದಲ್ಲಿ ಹುಡುಕಿ ಸಿಗುವಂಥದ್ದಲ್ಲ. ಮನೆಯಲ್ಲೇ ಕಲಿಯುವ ಆಸೆ ಇರುವವರು ಈ ಕೆಲಸವನ್ನು ಮನೆತನದ ವಾಚಿನ ಮೇಲೆ ಕಲಿಯಬೇಡಿ. ಗುಜರಿಗೆ ಬಿದ್ದ ಮೆಷಿನ್ ಎರಡು ಮೂರು ತಂದು ಅದರಲ್ಲಿ ಕಲಿಯಿರಿ.

ಕೆಲಸ ಚೆನ್ನಾಗಿ ಆಗಿದೆಯೇ ಎಂದು ತಿಳಿಯಲು ಟೈಮ್‌ಗ್ರಾಫರ್ (ವಾಚಿನ ಬಡಿತ ಕೇಳಿ ಅಳೆಯುವ ಯಂತ್ರ) ಚೀಟಿ ಕೇಳಿ, ಇಲ್ಲವೇ ಪರದೆಯ ಫೋಟೋ ತೆಗೆದುಕೊಳ್ಳಿ. ಪೂರ್ತಿ ಕೀ ಕೊಟ್ಟು, ಡಯಲ್ ಮೇಲೆ ಮಾಡಿ ಇಟ್ಟಾಗ ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಚಕ್ರ ತೂಗುವ ಕೋನ, 260ರಿಂದ 300 ಡಿಗ್ರಿ ಬಂದರೆ ಒಳ್ಳೆಯದು. 200ಕ್ಕಿಂತ ಕೆಳಗಿದ್ದರೆ ಕೊಳೆಯೋ, ಸುಸ್ತಾದ ಸ್ಪ್ರಿಂಗೋ, ಸವೆತವೋ ಉಳಿದಿದೆ. ಬೀಟ್ ಎರರ್, ಅಂದರೆ ಟಿಕ್‌ಗೂ ಟಾಕ್‌ಗೂ ಇರುವ ಅಂತರದ ವ್ಯತ್ಯಾಸ, 1 ಮಿಲಿಸೆಕೆಂಡಿನ ಒಳಗಿರಲಿ. ದಿನಕ್ಕೆ 20–30 ಸೆಕೆಂಡು ಹೆಚ್ಚುಕಮ್ಮಿ ಈ ವಯಸ್ಸಿನ ವಾಚಿಗೆ ತೃಪ್ತಿಕರ. ಕ್ವಾರ್ಟ್ಜ್‌ಗೆ ಒಗ್ಗಿದವರಿಗೆ ಇದು ಹೆಚ್ಚೆನಿಸಬಹುದು, ಆದರೆ ದಿನದ 86,400 ಸೆಕೆಂಡಿನಲ್ಲಿ ಅಷ್ಟು ಮಾತ್ರ ತಪ್ಪುವುದೇ ದೊಡ್ಡ ಮಾತು. ರಾತ್ರಿ ಇಡುವ ಭಂಗಿ ಬದಲಿಸಿಯೂ ಸ್ವಲ್ಪ ತಿದ್ದಬಹುದು. ಡಯಲ್ ಮೇಲೆ ಮಾಡಿ ಒಂದು ವಾರ, ಕೀ ಮೇಲೆ ಮಾಡಿ ಒಂದು ವಾರ ಇಟ್ಟು ಬರೆದುಕೊಳ್ಳಿ. ಎರಡಕ್ಕೂ ವ್ಯತ್ಯಾಸ ಕಂಡೇ ಕಾಣುತ್ತದೆ.

ದಿನಬಳಕೆ. ಬೆಳಿಗ್ಗೆ ಒಂದೇ ಹೊತ್ತಿಗೆ, ವಾಚನ್ನು ಕೈಯಿಂದ ಬಿಚ್ಚಿ ಕೀ ಕೊಡಿ. ಕೈಯಲ್ಲಿ ಕಟ್ಟಿಕೊಂಡೇ ತಿರುಗಿಸಿದರೆ ಸಲಾಕೆಯ ಮೇಲೆ ಪಕ್ಕದಿಂದ ಭಾರ ಬಿದ್ದು ಕೇಸಿನ ತೂತು ಅಗಲವಾಗುತ್ತದೆ, ಅಲ್ಲಿಂದಲೇ ಧೂಳೂ ಬೆವರೂ ಒಳಗೆ ಹೋಗುವುದು. ಸುಮಾರು 30 ಸುತ್ತಿಗೆ ಬಿಗಿಯಾಗುತ್ತದೆ. ಬಿಗಿಯಾದದ್ದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಹಾಗೆ ಪೂರ್ತಿ ಕೊಟ್ಟರೆ 40 ಗಂಟೆಯ ಆಸುಪಾಸು ನಡೆಯಬೇಕು. 30 ಗಂಟೆಗೇ ನಿಂತರೆ ಮೇನ್ ಸ್ಪ್ರಿಂಗ್ ಬದಲಿಸುವ ಹೊತ್ತು ಬಂದಿದೆ. "ಜಾಸ್ತಿ ಕೀ ಕೊಟ್ಟು ವಾಚು ಸಿಕ್ಕಿಕೊಂಡಿದೆ" ಎನ್ನುವುದು ತಪ್ಪು ತಿಳಿವಳಿಕೆ. ಪೂರ್ತಿ ಕೀ ಇದ್ದೂ ನಡೆಯದ ವಾಚಿಗೆ ಕಾಯಿಲೆ ಕೊಳೆಯದು, ಕೀಯದಲ್ಲ.

ಈ ವಾಚಿನಲ್ಲಿ ಮತ್ತೆ ಮತ್ತೆ ಕಾಣುವ ತೊಂದರೆಗಳಲ್ಲಿ ಜನರನ್ನು ಹೆಚ್ಚು ಗೊಂದಲಕ್ಕೆ ಕೆಡವುವುದು ಕ್ಯಾನನ್ ಪಿನಿಯನ್ ಸಡಿಲವಾಗುವುದು. ಸೆಕೆಂಡು ಮುಳ್ಳು ಸರಿಯಾಗಿಯೇ ಓಡುತ್ತಿರುತ್ತದೆ, ಟೈಮ್‌ಗ್ರಾಫರಿನಲ್ಲೂ ದೋಷವಿಲ್ಲ, ಆದರೂ ಸಂಜೆಯ ಹೊತ್ತಿಗೆ ವಾಚು ಹತ್ತು ನಿಮಿಷ ಹಿಂದೆ. ಟೈಮ್ ಇಡುವಾಗ ಮುಳ್ಳು ಬೆಣ್ಣೆಯಲ್ಲಿ ತಿರುಗಿದಂತೆ ಸಲೀಸಾಗಿ ತಿರುಗಿದರೆ ಇದೇ ಕಾರಣ. ನಿಮಿಷದ ಮುಳ್ಳನ್ನು ಹೊತ್ತ ಆ ಪುಟ್ಟ ಕೊಳವೆ ನಡುಚಕ್ರದ ಅಚ್ಚನ್ನು ಬಿಗಿಯಾಗಿ ಹಿಡಿಯದೆ ಜಾರುತ್ತಿರುತ್ತದೆ. ಅದನ್ನು ಹದವಾಗಿ ಒತ್ತಿ ಬಿಗಿ ಮಾಡಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸಕ್ಕೆ ಇಡೀ ಮೆಷಿನ್ ಬದಲಿಸಬೇಕು ಎನ್ನುವವರ ಮಾತು ಕೇಳಬೇಡಿ.

ಕೀ ಎಳೆದಾಗ ಸಲಾಕೆ ಸಮೇತ ಕೈಗೆ ಬಂದರೆ ಸಲಾಕೆಯನ್ನು ಹಿಡಿದಿಡುವ ಸೆಟ್ಟಿಂಗ್ ಲಿವರಿನ ತಿರುಪು ಸಡಿಲವಾಗಿದೆ ಅಥವಾ ಸಲಾಕೆ ಮುರಿದಿದೆ. ಇದ್ದಕ್ಕಿದ್ದಂತೆ ದಿನಕ್ಕೆ ಐದಾರು ನಿಮಿಷ ಮುಂದೆ ಓಡಿದರೆ ಮೊದಲ ಅನುಮಾನ ಅಯಸ್ಕಾಂತದ ಮೇಲಿರಲಿ: ಫೋನಿನ ಮಡಿಚುವ ಕವರು, ಬ್ಯಾಗಿನ ಗುಂಡಿ, ಸ್ಪೀಕರ್. ಚಿಕ್ಕ ದಿಕ್ಸೂಚಿಯ ಪಕ್ಕ ವಾಚು ತಂದಾಗ ಸೂಜಿ ಎದ್ದು ಕಾಣುವಂತೆ ಹೊರಳಿದರೆ ಖಚಿತ. ಅಯಸ್ಕಾಂತ ತೆಗೆಯುವ ಸಾಧನವಾದ ಡಿಮ್ಯಾಗ್ನೆಟೈಸರ್ ಮೇಲೆ ಇಟ್ಟು, ಗುಂಡಿ ಒತ್ತಿಹಿಡಿದೇ ವಾಚನ್ನು ಒಂದು ತೋಳಿನ ದೂರಕ್ಕೆ ನಿಧಾನವಾಗಿ ಎತ್ತಿ, ಆಮೇಲೆ ಗುಂಡಿ ಬಿಡಬೇಕು. ಮೇಲೆಯೇ ಇಟ್ಟುಕೊಂಡು ಗುಂಡಿ ಬಿಟ್ಟರೆ ಅಯಸ್ಕಾಂತ ಇನ್ನೂ ಹೆಚ್ಚಾದೀತು.

ನೀರು ಇದಕ್ಕೆ ಆಗದು. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ, ಕಾರವಾರದ ಕಡೆ, ಇದನ್ನು ಹೊರಗೆ ಕಟ್ಟದಿರುವುದೇ ಒಳ್ಳೆಯದು. ಗಾಜಿನ ಒಳಗೆ ಹಬೆ ಕಂಡರೆ ಬಿಸಿಲಿಗೆ ಇಟ್ಟು ಒಣಗಿಸಿ ಸುಮ್ಮನಾಗಬೇಡಿ. ತೇವ ಕಣ್ಣಿಗೆ ಕಾಣದೇ ಹೋದರೂ ಉಕ್ಕಿನ ಭಾಗಗಳ ಮೇಲೆ ತುಕ್ಕು ಶುರುವಾಗಿರುತ್ತದೆ. ಒಂದೆರಡು ದಿನದೊಳಗೆ ಬಿಚ್ಚಿಸಿ. ಹಿಂಭಾಗದಲ್ಲಿ "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಎಂದಿದ್ದರೆ ಮುಚ್ಚಳ ಮಾತ್ರ ಸ್ಟೀಲ್ ಎಂದು ಅರ್ಥ ಮಾಡಿಕೊಳ್ಳಿ. ಉಳಿದ ಕೇಸ್ ಹಿತ್ತಾಳೆಯ ಮೇಲೆ ಕ್ರೋಮ್ ಇದ್ದೀತು. ಅದು ಬೆವರಿಗೆ ಎದ್ದು ಬರುತ್ತದೆ, ಪಾಲಿಶ್ ಮಾಡಿದರೆ ಇದ್ದದ್ದೂ ಹೋಗುತ್ತದೆ. ಸಂಜೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿ ಇಡುವುದಷ್ಟೇ ಇದಕ್ಕೆ ಆರೈಕೆ.

ಗಾಜು ಅಕ್ರಿಲಿಕ್. ಗೀರು ಬಿದ್ದರೆ ಸುತ್ತ ಟೇಪ್ ಅಂಟಿಸಿ, ಪಾಲಿವಾಚ್ ಅಥವಾ ಬ್ರಾಸೋ ಪಾಲಿಶ್ ಒಂದು ಕಾಳಿನಷ್ಟು ಹಾಕಿ ಮೆತ್ತನೆ ಬಟ್ಟೆಯಲ್ಲಿ ಐದು ಹತ್ತು ನಿಮಿಷ ತಿಕ್ಕಿದರೆ ತಿಳಿಯಾಗುತ್ತದೆ. ಬೆಲ್ಟಿಗೆ ನೇಟೋ ಪಟ್ಟಿ (ಎರಡೂ ಪಿನ್ನಿನೊಳಗೆ ಹಾಯುವ ಒಂದೇ ಉದ್ದನೆಯ ಪಟ್ಟಿ) ಒಳ್ಳೆಯದು, ಒಂದು ಪಿನ್ನು ಹೋದರೂ ವಾಚು ಕೆಳಗೆ ಬೀಳುವುದಿಲ್ಲ. ಸ್ಪ್ರಿಂಗ್ ಪಿನ್ನುಗಳನ್ನು ವರ್ಷಕ್ಕೊಮ್ಮೆ ಬದಲಿಸಿ, ಚಹಾದ ಖರ್ಚಿನಷ್ಟೂ ಆಗುವುದಿಲ್ಲ.

ಕೊಳ್ಳುವವರಿಗೆ ಡಯಲ್ ವಿಚಾರ. ಆನ್‌ಲೈನಿನಲ್ಲಿ ಕಿತ್ತಳೆ, ಕಡುನೀಲಿ, ಗಿಳಿಹಸಿರು ಬಣ್ಣದಲ್ಲಿ "ಹೊಚ್ಚ ಹೊಸದರಂತೆ" ಎಂದು ಬರುವವುಗಳಲ್ಲಿ ಬಹುಪಾಲು ಮರುಬಣ್ಣ ಹೊಡೆದವು. ಐ ಗ್ಲಾಸಿನಲ್ಲಿ ಮೂರು ಜಾಗ ನೋಡಿ. ಅಕ್ಷರಗಳ ಅಂಚು ಚೂಪಾಗಿದೆಯೇ, ಶಾಯಿ ಹರಡಿದೆಯೇ. ನಿಮಿಷದ ಗೆರೆಗಳು ಗಂಟೆಯ ಗುರುತಿನ ನಡುವಿಗೇ ಬರುತ್ತವೆಯೇ. ಆರರ ಕೆಳಗೆ ಅಂಚಿನಲ್ಲಿ ಇರಬೇಕಾದ ಪುಟ್ಟ ಅಕ್ಷರ-ಅಂಕಿಗಳ ಸಾಲು ಇದೆಯೇ, ಅಳಿಸಿಹೋಗಿದೆಯೇ. ನನ್ನ ಮಟ್ಟಿಗೆ ಚುಕ್ಕೆ ಬಿದ್ದ, ಕೆನೆ ಬಣ್ಣಕ್ಕೆ ತಿರುಗಿದ ಮೂಲ ಡಯಲ್‌ಗೆ ಇರುವ ಬೆಲೆ ಹೊಸ ಬಣ್ಣಕ್ಕೆ ಎಂದೂ ಇಲ್ಲ. ದೇವನಾಗರಿಯಲ್ಲಿ ಜನತಾ ಎಂದು ಅಚ್ಚಾದ ಆ ಅಕ್ಷರ ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ರಿಪೇರಿಗೆ ಕೊಡುವಾಗ ಚೀಟಿಯಲ್ಲೇ ಬರೆಸಿ: ಡಯಲ್ ಮುಟ್ಟಬಾರದು, ಕೇಸ್ ಉಜ್ಜಬಾರದು, ಬದಲಿಸಿದ ಹಳೆಯ ಭಾಗ ವಾಪಸ್ ಕೊಡಬೇಕು.

ಮನೆತನದ ವಾಚು ಎಚ್‌ಎಂಟಿ ಅಲ್ಲದೆ ಫಾವ್ರ್ ಲೂಬಾ, ವೆಸ್ಟ್ ಎಂಡ್‌ನಂಥ ಸ್ವಿಸ್ ಹೆಸರಿನದಾಗಿದ್ದರೆ ಇನ್ನೊಂದು ಎಚ್ಚರಿಕೆ ಸೇರಿಸಿಕೊಳ್ಳಿ. 1960ರ ದಶಕಕ್ಕಿಂತ ಹಿಂದಿನವುಗಳಲ್ಲಿ ಕತ್ತಲಲ್ಲಿ ಹೊಳೆಯಲು ಹಚ್ಚಿದ್ದು ರೇಡಿಯಂ ಇರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ. ಮುಳ್ಳಿನ ಮೇಲಿನ ಆ ಪುಡಿಯನ್ನು ಕೆರೆಯಬೇಡಿ, ಊದಬೇಡಿ, ಮನೆಯಲ್ಲಿ ಗಾಜು ತೆಗೆಯಬೇಡಿ.

ಸರ್ವಿಸ್ ಅಂತರ ದಿನವೂ ಕಟ್ಟುವುದಾದರೆ 4–5 ವರ್ಷ. ವಾಚಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದು ಚೀಟಿ ಇಡಿ: ಸರ್ವಿಸ್ ಆದ ತಾರೀಕು, ಹಿಂಭಾಗದ ನಂಬರು, ಬದಲಿಸಿದ ಭಾಗ, ಆ ದಿನದ ಆಂಪ್ಲಿಟ್ಯೂಡ್. ಮುಂದಿನ ಸಲ ಮುಚ್ಚಳ ತೆಗೆಯುವವರು ನೀವಾಗಿರಲಿ, ನಿಮ್ಮ ಮಕ್ಕಳಾಗಿರಲಿ, ಅಲ್ಲಿಂದಲೇ ಕೆಲಸ ಮುಂದುವರಿಸಬಹುದು.