ಸಾಣಾಪುರ ಕೆರೆಯ ತೆಪ್ಪ: ಕಾಯಿಸಿದ್ದಕ್ಕೇ ನಾಲ್ಕು ಸ್ಟಾರ್

ತೆಪ್ಪದಲ್ಲಿ ಕೂತಿದ್ದು ಇಪ್ಪತ್ತೈದು ನಿಮಿಷ. ದಡದಲ್ಲಿ ಕೂತಿದ್ದು ಮುಕ್ಕಾಲು ಗಂಟೆಗೂ ಜಾಸ್ತಿ. ಆದರೂ ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಅದರಲ್ಲಿ ಮೂರು ಆ ಮುಕ್ಕಾಲು ಗಂಟೆಗೆ.

ನನ್ನದು ಗಂಗಾವತಿಯಲ್ಲಿ ಪಂಪ್‌ಸೆಟ್, ಡೀಸೆಲ್ ಎಂಜಿನ್ ರಿಪೇರಿ ಅಂಗಡಿ. ಭತ್ತದ ಕಟಾವು ಶುರುವಾದರೆ ನನಗೆ ಭಾನುವಾರ ಅನ್ನೋದೇ ಇರುವುದಿಲ್ಲ. ಅದಕ್ಕೂ ಮುಂಚೆ ಸಿಕ್ಕ ಒಂದು ಭಾನುವಾರ ಬೆಂಗಳೂರಿನಿಂದ ಭಾಮೈದ ಹೆಂಡತಿ, ಮಗನ ಜೊತೆ ಬಂದಿದ್ದ. ಬೆಳಿಗ್ಗೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದೆವು. ಕಾಲು ನಡುಗುತ್ತಿತ್ತು. ಇನ್ನು ಕೂತು ಮಾಡುವಂಥದ್ದು ಏನಾದರೂ ಬೇಕು ಅಂತ ಹೆಂಗಸರು ಹೇಳಿದರು. ಹಾಗೆ ಸಾಣಾಪುರ ಕೆರೆಗೆ ಬಂದೆವು.

ಅಲ್ಲಿ ನೋಡಿದರೆ ಆರೇಳು ತೆಪ್ಪ ಬಂಡೆಯ ಮೇಲೆ ಬೋರಲು ಮಲಗಿವೆ. ನೀರಿನಲ್ಲಿ ಒಂದೂ ಇಲ್ಲ. ಕೊರಳಿಗೆ ಸೀಟಿ, ಹೆಗಲಿಗೆ ಕೆಂಪು ಟವೆಲ್ ಹಾಕಿಕೊಂಡ ಹಿರಿಯ ಅಂಬಿಗರೊಬ್ಬರು ಬೀಡಿ ಸೇದುತ್ತಾ ಕೂತಿದ್ದರು.

"ಈಗ ಬಿಡಂಗಿಲ್ರೀ ಅಣ್ಣಾರ. ಮಷೀನ್ ಬೋಟು ಹೊಂಟಾವು. ಅವು ನಿಂತ ಮ್ಯಾಲೆ ನೀರು ತಣ್ಣಗಾಗಬೇಕು. ಆಮ್ಯಾಲೆ ಹೋಗೂಣು."

ಭಾಮೈದ ನನ್ನ ಕಿವಿಯಲ್ಲಿ, "ನೀರು ಬಿಸಿ ಇದೆಯಾ ಭಾವ?" ಅಂದ. ಬೆಂಗಳೂರಿಗೆ ಹೋಗಿ ಹದಿನೈದು ವರ್ಷ ಆಯಿತು, ಪಾಪ.

ಮಷೀನ್ ಬೋಟು ಅಂದರೆ ಹಿಂದೆ ಔಟ್‌ಬೋರ್ಡ್ ಎಂಜಿನ್ ಕಟ್ಟಿದ ಎರಡು ರಬ್ಬರ್ ದೋಣಿ. ನೀರಿಗೆ ಬಿದ್ದವರನ್ನು ಎತ್ತುವ ಕಸರತ್ತು ನಡೆಸುತ್ತಿದ್ದರು. ಒಬ್ಬ ಹುಡುಗ ನೀರಿಗೆ ಹಾರುವುದು, ಇನ್ನೊಬ್ಬ ಹಗ್ಗ ಎಸೆಯುವುದು. ಅದು ಮುಗಿದ ಮೇಲೆ ಎರಡು ದೋಣಿಯ ಹುಡುಗರಿಗೂ ಹುರುಪು ಬಂತು. ಯಾರದು ಮುಂದೆ ಅಂತ ಕೆರೆಯ ಈ ತುದಿಯಿಂದ ಆ ತುದಿಗೆ ಪೈಪೋಟಿ ಶುರು ಮಾಡಿದರು. ಆಗ ಹಿರಿಯರು ಬೀಡಿ ಬಿಸಾಕಿ ಎದ್ದು ನಿಂತರು. ಸೀಟಿ ಊದಿದರು. ದಡದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಮಕ್ಕಳನ್ನೂ ಮೇಲೆ ಹತ್ತಿಸಿದರು.

"ಇಷ್ಟು ದೊಡ್ಡ ಕೆರೆ ಭಾವ. ಅವರು ಆ ಕಡೆ, ನಾವು ಈ ಕಡೆ. ಏನು ಕಷ್ಟ?" ಅಂತ ಭಾಮೈದನ ವಾದ. ಎಂಜಿನ್ ವಿಷಯ ಬಂದರೆ ನನಗೆ ಬಾಯಿ ಮುಚ್ಚಿ ಕೂರುವುದು ಆಗುವುದಿಲ್ಲ. ಹೇಳಲು ಶುರು ಮಾಡಿದೆ.

ಮೋಟಾರ್ ದೋಣಿ ಪೂರ್ತಿ ವೇಗದಲ್ಲಿದ್ದಾಗ ನೀರಿನ ಮೇಲೆ ಎದ್ದು ಜಾರಿಕೊಂಡು ಹೋಗುತ್ತದೆ. ಆಗ ಅದು ಎಬ್ಬಿಸುವ ಅಲೆ ಅಷ್ಟು ದೊಡ್ಡದಲ್ಲ. ನಿಜವಾದ ತೊಂದರೆ ಅರ್ಧ ವೇಗದಲ್ಲಿ. ಮೂಗು ಮೇಲೆ, ಬಾಲ ಕೆಳಗೆ ಮಾಡಿಕೊಂಡು ನೇಗಿಲು ಹೊಡೆದ ಹಾಗೆ ನೀರನ್ನು ಸೀಳುತ್ತದೆ. ಅಂದರೆ ಓಡುವಾಗ ಏಳುವ ಅಲೆಗಿಂತ ಓಟ ಮುಗಿಸಿ ದಡಕ್ಕೆ ಬರುವಾಗ ಏಳುವ ಅಲೆ ದೊಡ್ಡದು. ಮರಳಿನ ದಡ ಇದ್ದರೆ ಅಲೆಯನ್ನು ನುಂಗಿಕೊಳ್ಳುತ್ತದೆ. ಇಲ್ಲಿ ಸುತ್ತ ಬಂಡೆ. ಬಡಿದ ಅಲೆ ಹಾಗೇ ವಾಪಸ್ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಎರಡೂ ಕೂಡಿದ ಕಡೆ ಎತ್ತರ ಜಾಸ್ತಿ. ದೋಣಿ ನಿಂತು ಐದು ನಿಮಿಷ ಆದರೂ ನೀರು ಕುಲುಕುತ್ತಲೇ ಇರುತ್ತದೆ. ಅದನ್ನೇ ಹಿರಿಯರು 'ತಣ್ಣಗಾಗಬೇಕು' ಅಂದಿದ್ದು.

ತೆಪ್ಪ ಅಂದರೆ ಬಿದಿರಿನ ಬುಟ್ಟಿ. ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಡಾಂಬರು. ಹಿಂದೆ ಚರ್ಮ ಹೊದಿಸುತ್ತಿದ್ದರು. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇವನ್ನು ನೋಡಿ, ಬುಟ್ಟಿಯ ಹಾಗೆ ದುಂಡಗಿವೆ, ನೆಟ್ಟಗೆ ಹೋಗುವುದೇ ಇಲ್ಲ, ತಿರುಗುತ್ತಲೇ ಸಾಗುತ್ತವೆ ಅಂತ ಬರೆದಿದ್ದಾನೆ. ಐನೂರು ವರ್ಷ ಆಯಿತು, ಇವತ್ತಿಗೂ ಅದೇ ಕಥೆ. ಮೂತಿ ಇಲ್ಲ, ಬಾಲ ಇಲ್ಲ. ಅಲೆಗೆ ಎದುರಾಗಿ ನಿಲ್ಲಿಸೋಣ ಅಂದರೆ ಎದುರು ಯಾವುದು? ಸುಮ್ನೆ ಕೂತರೆ ತೆಪ್ಪಕ್ಕೆ ಏನೂ ಆಗುವುದಿಲ್ಲ. ಆದರೆ ಅಲೆ ಬಂದಾಗ ಜನ ಸುಮ್ನೆ ಕೂರಲ್ಲ, ಅಲ್ವಾ? ಹೆದರಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಮಗುಚುವುದು ಹಾಗೆ.

ಭಾಮೈದನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಆಗ ವಿಜಯವಾಡದ ಕಥೆ ತೆಗೆದೆ.

2018ರ ನವೆಂಬರ್‌ನಲ್ಲಿ ಫಾರ್ಮುಲಾ ಒನ್ ಪವರ್‌ಬೋಟ್ ರೇಸ್ ಅಲ್ಲಿ ಕೃಷ್ಣಾ ನದಿಯಲ್ಲಿ ನಡೆಯಿತು. 16ರಿಂದ 18ರವರೆಗೆ ಮೂರು ದಿನ. ಅಂಗಡಿಗೆ ಬೀಗ ಹಾಕಿ, ಹೊಸಪೇಟೆಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆ. ಮನೆಯಲ್ಲಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ನಮ್ಮ ತುಂಗಭದ್ರೆ ಕೊನೆಗೆ ಸೇರುವುದು ಕೃಷ್ಣೆಯನ್ನೇ ತಾನೆ, ನಮ್ಮೂರ ನೀರಿನ ಮೇಲಿನ ರೇಸು ಅಂತ ಸಮಜಾಯಿಷಿ ಕೊಟ್ಟಿದ್ದೆ. ಆ ದೋಣಿಗಳ ಉದ್ದ ಬರೀ ಆರು ಮೀಟರ್. ಎಂಜಿನ್ ಸೇರಿ ತೂಕ 390 ಕೆಜಿ ಸುಮಾರು. ಎರಡೂವರೆ ಲೀಟರಿನ ಟೂ ಸ್ಟ್ರೋಕ್ ಎಂಜಿನ್, 400 ಅಶ್ವಶಕ್ತಿ. ವೇಗ ಗಂಟೆಗೆ 220 ಕಿಲೋಮೀಟರ್ ದಾಟುತ್ತದೆ. ಗೇರ್ ಇಲ್ಲ. ಬ್ರೇಕೂ ಇಲ್ಲ! ಆ ಸದ್ದು ಕೇಳಿದ ಮೇಲೆ ಒಂದು ವಾರ ನಮ್ಮ ಪಂಪ್‌ಸೆಟ್ಟುಗಳೆಲ್ಲ ನಿದ್ದೆಗಣ್ಣಿನಲ್ಲಿ ಇರುವ ಹಾಗೆ ಕಾಣುತ್ತಿದ್ದವು.

ಆ ವೇಗದಲ್ಲಿ ದೋಣಿ ನೀರಿಗೆ ತಾಗುವುದು ಬಾಲದ ಹತ್ತಿರ ಸ್ವಲ್ಪ ಜಾಗ ಮಾತ್ರ. ಪಕ್ಕದಲ್ಲಿ ಯಾವುದೋ ಮೀನಿನ ದೋಣಿ ಹಾದು ಹೋಯಿತು ಅನ್ನಿ. ಅದರ ಸಣ್ಣ ಅಲೆಗೆ ರೇಸ್ ದೋಣಿಯ ಮೂಗು ಎದ್ದರೆ ಅಡಿಗೆ ಗಾಳಿ ಹೊಕ್ಕು, ರೊಟ್ಟಿ ಮಗುಚಿದ ಹಾಗೆ ಹಿಂದಕ್ಕೆ ಬೀಳುತ್ತದೆ. ತೇಲುವ ಒಂದು ಕೊರಡು ಸಿಕ್ಕರೂ ಸಾಕು. ಅದಕ್ಕೇ ಬೋಯ್, ಅಂದರೆ ತೇಲುವ ಬುಂಡೆ, ಹಾಕಿ ಗುರುತು ಮಾಡಿದ ಜಾಗದೊಳಗೆ ಬೇರೆ ದೋಣಿಗೆ ಪ್ರವೇಶ ಇರುವುದಿಲ್ಲ. ಒಳಗಿದ್ದರೆ ಮುಳುಗು ತಜ್ಞರು ಕೂತ ರಕ್ಷಣಾ ದೋಣಿ ಮಾತ್ರ. ಕೆಂಪು ಬಾವುಟ ಹಾರಿದರೆ ಓಟ ನಿಂತ ಹಾಗೆ. ಅಮೆರಿಕದಲ್ಲಿ ಇಂಥ ರೇಸ್ ಇದ್ದರೆ ಕೋಸ್ಟ್ ಗಾರ್ಡ್‌ನವರು ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ನೀರಿನ ಯಾವ ಭಾಗ ಬಂದ್ ಅಂತ ಮುಂಚೆಯೇ ಪ್ರಕಟಿಸುತ್ತಾರೆ. ನೋಡಲು ಬರುವ ದೋಣಿಗಳಿಗೂ ಜಾಗ ಗೊತ್ತು ಮಾಡಿರುತ್ತಾರೆ.

ವಿಜಯವಾಡದ ಮಾತು ಬಂದಾಗ ನನಗೆ ಇನ್ನೊಂದೂ ನೆನಪಾಗುತ್ತದೆ. ಆ ರೇಸಿಗೆ ಹೆಚ್ಚುಕಡಿಮೆ ಒಂದು ವರ್ಷ ಮುಂಚೆ, 2017ರ ನವೆಂಬರ್ 12ರಂದು, ಅದೇ ನದಿಯಲ್ಲಿ ಸ್ವಲ್ಪ ಮೇಲೆ, ಪವಿತ್ರ ಸಂಗಮದ ಹತ್ತಿರ ಪ್ರವಾಸಿಗರ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಪರವಾನಗಿ ಇಲ್ಲದ ದೋಣಿ, ಹಿಡಿಸುವುದಕ್ಕಿಂತ ಜಾಸ್ತಿ ಜನ. ರೇಸ್ ನೋಡುವಾಗ ನನ್ನ ಪಕ್ಕ ಕೂತಿದ್ದ ತೆಲುಗಿನವರು ನದಿಯ ಮೇಲ್ಗಡೆ ಕೈ ತೋರಿಸಿ ಅದನ್ನೇ ಹೇಳಿದ್ದರು.

ಕಥೆ ಇಲ್ಲಿಗೆ ಬರುವಷ್ಟರಲ್ಲಿ ಹೆಂಗಸರು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿದ್ದರು. ಮಿರ್ಚಿಗೆ ಬೇರೆಯೇ ರಿವ್ಯೂ ಬರೆಯಬೇಕು. ಅಷ್ಟರಲ್ಲಿ ಕೆರೆಯ ಆ ಬದಿಯಿಂದ ಕೂಗು ಕೇಳಿಸಿತು.

ಆ ಬದಿಯಲ್ಲಿ ತೆಪ್ಪ ಬಿಡುವವರು ಬೇರೆ. ಅವರು ನಿಲ್ಲಿಸಿರಲಿಲ್ಲ. ಆರು ಜನರನ್ನು ಕೂರಿಸಿ ಬಿಟ್ಟಿದ್ದರು, ಇಬ್ಬರ ಮೈಮೇಲೆ ಜಾಕೆಟ್ಟೂ ಕಾಣಲಿಲ್ಲ. ರಬ್ಬರ್ ದೋಣಿ ವೇಗ ತಗ್ಗಿಸಿ ತಿರುಗಿದ್ದೇ ತಡ, ಅದರ ಅಲೆ ಬಂಡೆಗೆ ಬಡಿದು ತೆಪ್ಪದ ಅಡಿಗೆ ಬಂತು. ಸೆಲ್ಫಿಗೆ ಎದ್ದು ನಿಂತಿದ್ದ ಹುಡುಗ ಕುಕ್ಕರಿಸಿದ. ಎಲ್ಲರೂ ಅವನ ಕಡೆ ವಾಲಿದರು. ಒಂದು ಅಂಚಿನಿಂದ ನೀರು ಒಳಗೆ ನುಗ್ಗಿದ್ದು ನಮಗೆ ಇಲ್ಲಿಂದಲೇ ಕಂಡಿತು. ಅಂಬಿಗ ಹುಡುಗ ಜೋರಾಗಿ ಬೈದು ಎಲ್ಲರನ್ನೂ ನಡುವೆ ಕೂರಿಸಿ ಹುಟ್ಟು ಹಾಕಿದ. ಯಾರಿಗೂ ಏನೂ ಆಗಲಿಲ್ಲ, ಬಟ್ಟೆ ಒದ್ದೆ ಆಯಿತು ಅಷ್ಟೆ. ನಮ್ಮ ಹಿರಿಯರು ಮಾತಾಡಲಿಲ್ಲ. ಮತ್ತೆ ಸೀಟಿ ಊದಿ, ಕೆಂಪು ಟವೆಲ್ ತಲೆಯ ಮೇಲೆ ಬೀಸಿದರು. ರಬ್ಬರ್ ದೋಣಿಯ ಹುಡುಗರು ಆಗ ನೋಡಿ ಎಂಜಿನ್ ಆಫ್ ಮಾಡಿದರು.

ಭಾಮೈದ ಮಿರ್ಚಿ ಅರ್ಧಕ್ಕೇ ಬಿಟ್ಟು ಮಗನ ಜಾಕೆಟ್ಟಿನ ಪಟ್ಟಿ ಬಿಗಿ ಮಾಡುತ್ತಿದ್ದ.

ನನ್ನ ಮುಖ್ಯ ತಕರಾರು ಇಲ್ಲೇ ಇದೆ. ಒಂದು ಕೆರೆ, ಎರಡು ಕಟ್ಟೆ, ಎರಡು ಕಾನೂನು. ಈ ಕಡೆಯವರು ನಿಲ್ಲಿಸಿದರೆ ಗಿರಾಕಿ ಆ ಕಡೆ ಹೋಗುತ್ತಾನೆ. ನಾವು ಕೂತಿದ್ದಾಗಲೇ ಎರಡು ಕಾರಿನವರು ಎದ್ದು ಹೋದರು. ಹಿರಿಯರ ಸೀಟಿ ಅವರ ತೆಪ್ಪಗಳಿಗೆ ಮಾತ್ರ. ಮೋಟಾರ್ ದೋಣಿ ಇಳಿಸುವ ದಿನ ಪೂರ್ತಿ ಕೆರೆಗೆ ಒಂದೇ ಸೀಟಿ ಇರಬೇಕು. ಮೊದಲೇ ಗೊತ್ತಿದ್ದ ಕಸರತ್ತು ಆದರೆ, 'ಹತ್ತರಿಂದ ಹನ್ನೆರಡು ತೆಪ್ಪ ಇಲ್ಲ' ಅಂತ ರಸ್ತೆಯ ತಿರುವಿನಲ್ಲಿ ಒಂದು ಬೋರ್ಡ್ ನೇತು ಹಾಕಲು ಏನು ಖರ್ಚು?

ಹೊಳೆಯ ಕಡೆ ಹೇಗೆ ಅಂತ ಹಿರಿಯರನ್ನು ಕೇಳಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆಗ ಹೊಳೆಯಲ್ಲಿ ತೆಪ್ಪ ಹಾಕಿದ್ದರಾ ಅಂದೆ. "ಆವಾಗ ಯಾರಪ್ಪನೂ ಹಾಕಿಲ್ರೀ. ದೊಡ್ಡ ನೀರಿಗೆ ಎಲ್ಲಾರೂ ಹೆದರ್ತಾರ. ಇಂಥ ಸಣ್ಣ ಅಲೆಗೇ ಹೆದರಂಗಿಲ್ಲ" ಅಂದರು.

ಇನ್ನು ಸವಾರಿ. ರಬ್ಬರ್ ದೋಣಿಗಳು ದಡ ಸೇರಿದ ಮೇಲೂ ಹಿರಿಯರು ತಕ್ಷಣ ಬಿಡಲಿಲ್ಲ. ಬಂಡೆಯ ಬುಡದಲ್ಲಿ ಒಂದು ಒಣಕಡ್ಡಿ ತೇಲುತ್ತಿತ್ತು. ಅದು ಕುಣಿಯುವುದು ನಿಲ್ಲುವವರೆಗೆ ಕಾದರು. ಆಮೇಲೆ ತೆಪ್ಪ ಮಗುಚಿ ನೀರಿಗೆ ತಳ್ಳಿ, ನಮ್ಮ ಐದು ಜನರನ್ನು ದಪ್ಪ-ಸಣ್ಣ ನೋಡಿ ಎದುರುಬದುರು ಕೂರಿಸಿದರು. ನನ್ನನ್ನು ನೋಡಿ ಸ್ವಲ್ಪ ಹೊತ್ತು ಯೋಚನೆ ಮಾಡಿದ್ದು ಗೊತ್ತಾಯಿತು. ಐದೂ ಜನಕ್ಕೆ ಸೇರಿ 1,200 ರೂಪಾಯಿ. ಚೌಕಾಸಿಗೆ ಮುಂಚೆ 1,500 ಹೇಳಿದ್ದರು.

ಸವಾರಿ ಚೆನ್ನಾಗಿತ್ತು. ಬಂಡೆಗಳ ನಡುವೆ ನೆರಳಿನಲ್ಲಿ ತೆಪ್ಪ ತಾನೇ ತಿರುಗುತ್ತಾ ಹೋಗುವಾಗ ಮಾತು ನಿಂತುಹೋಗುತ್ತದೆ. ಕೊನೆಯಲ್ಲಿ ಗಿರಗಿರ ತಿರುಗಿಸುವ ಆಟ ಇದೆ. ಭಾಮೈದನ ಮಗ ಶುರುವಿನಿಂದಲೇ ಅದನ್ನೇ ಕೇಳುತ್ತಿದ್ದ. ಹಿರಿಯರು ನಡುನೀರಿನಲ್ಲಿ ತಿರುಗಿಸಲು ಒಪ್ಪಲಿಲ್ಲ. ದಡದ ಹತ್ತಿರ, ಸೊಂಟದಷ್ಟು ನೀರು ಇರುವಲ್ಲಿ ಬಂದು ತಿರುಗಿಸಿದರು. ನನಗೆ ತಲೆ ಸುತ್ತಿ ಮಿರ್ಚಿ ನೆನಪಾಯಿತು.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಲೈಫ್ ಜಾಕೆಟ್. ಐದರಲ್ಲಿ ಎರಡಕ್ಕೆ ಕೊಕ್ಕೆ ಇರಲಿಲ್ಲ, ಸೆಣಬಿನ ಹಗ್ಗದಿಂದ ಕಟ್ಟಿದರು. ಮಕ್ಕಳ ಅಳತೆಯದು ಒಂದೇ ಒಂದು. ವಾಸನೆಯೂ ಇದೆ, ಬೆಳಿಗ್ಗೆ ಬೇಗ ಹೋದರೆ ಒಣಗಿದ್ದು ಸಿಗಬಹುದು. ದರದ ಬೋರ್ಡ್ ಇಲ್ಲ. ಸಂಜೆ ಕತ್ತಲಾಗುವ ಮುಂಚೆ ತೆಪ್ಪ ಎತ್ತಿಬಿಡುತ್ತಾರೆ. ಎಷ್ಟು ಕೇಳಿಕೊಂಡರೂ ಬಿಡುವುದಿಲ್ಲ, ದುಡ್ಡು ಜಾಸ್ತಿ ಕೊಡುತ್ತೇನೆ ಅಂದರೂ ಬಿಡುವುದಿಲ್ಲ. ನಾವು ಹೊರಟಾಗ ಯಾರೋ ಅದನ್ನೇ ಕೇಳುತ್ತಿದ್ದರು. ಹಿರಿಯರು ಸೀಟಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.