ಗಿಡ್ಡ ಕಿಟಕಿಗೆ ಬ್ಲ್ಯಾಕ್‌ಔಟ್ ಪರದೆ: ಮೂರು ವರ್ಷ ಬಳಸಿದ ಮೇಲೆ

ಬೆಳಿಗ್ಗೆ ಏಳೂವರೆಗೆ, ಬೀದಿಯೆಲ್ಲ ಎದ್ದು ಓಡಾಡುತ್ತಿರುವಾಗ, ನಾನು ಮಲಗುತ್ತೇನೆ. ನನ್ನದು ರಾತ್ರಿ ಪಾಳಿಯ ಕೆಲಸ. ಆದ್ದರಿಂದ ಇಲ್ಲಿ ಬರೆಯುವುದನ್ನೆಲ್ಲ ಹಗಲು ನಿದ್ರೆ ಮಾಡುವವನೊಬ್ಬನ ಮಾತು ಎಂದೇ ಓದಿಕೊಳ್ಳಿ. ಕೋಣೆ ಚೆನ್ನಾಗಿ ಕಾಣಲಿ ಎಂದು ಪರದೆ ಕೊಳ್ಳುವವರ ಲೆಕ್ಕವೇ ಬೇರೆ, ನನ್ನ ಲೆಕ್ಕವೇ ಬೇರೆ. ನನಗೆ ಬೇಕಿದ್ದದ್ದು ಕತ್ತಲೆ. ಈ ಪರದೆ ಅದನ್ನು ಕೊಟ್ಟಿತು. ಆದರೆ ಕೊಟ್ಟ ವಾರದಲ್ಲೇ ನಾನು ಅದಕ್ಕೆ ತೂತು ಹಾಕಿಕೊಂಡೆ. ಹೀಗಾಗಿ ಈ ವಿಮರ್ಶೆಯಲ್ಲಿ ಪರದೆಗಿಂತ ತೂತುಗಳ ಮಾತೇ ಹೆಚ್ಚಾಗಬಹುದು.

ನನ್ನ ಮಲಗುವ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ಪೂರ್ವಕ್ಕೆ. ಅಗಲ 4 ಅಡಿ, ಎತ್ತರ ಬರೀ 3 ಅಡಿ. ಅದರ ಕೆಳಗೇ ಮಂಚದ ತಲೆಹಲಗೆ ಇದೆ. ಸಿದ್ಧ ಪರದೆಗಳಲ್ಲಿ ನನಗೆ ಸಿಕ್ಕ ಅತಿ ಗಿಡ್ಡದ್ದೇ 5 ಅಡಿ. ಅಳತೆ ಕೊಟ್ಟು ಹೊಲಿಸಿದರೆ ಸಿದ್ಧ ಪರದೆಯ ಎರಡರಷ್ಟಕ್ಕೂ ಹೆಚ್ಚು ಹಣ ಆಗುತ್ತಿತ್ತು. ಕಿಟಕಿ ಚಿಕ್ಕದಾದಷ್ಟೂ ಪರದೆ ದುಬಾರಿಯಾಗುವ ಈ ನ್ಯಾಯ ನನಗೆ ಇನ್ನೂ ಅರ್ಥವಾಗಿಲ್ಲ. ಐದಡಿಯ ಒಂದು ಜೊತೆ ತಂದೆ. ಕತ್ತರಿಸಿ ಅಂಚು ಹೊಲಿದರೆ ಮುಗಿಯಿತು ಎಂಬುದು ನನ್ನ ಅಂದಾಜು.

ತರುವ ಮೊದಲು ಒಂದು ಕೆಲಸವನ್ನು ಮಾತ್ರ ಸರಿಯಾಗಿ ಮಾಡಿದ್ದೆ. ಮೊಬೈಲಿನ ಟಾರ್ಚನ್ನು ಬಟ್ಟೆಯ ಹಿಂಬದಿಗೆ ಒತ್ತಿ ಹಿಡಿದು ಮುಂಬದಿಯಿಂದ ನೋಡಿದ್ದೆ. ಬ್ಲ್ಯಾಕ್‌ಔಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಜಾತಿಯ ಬಟ್ಟೆ ಮಾರಾಟವಾಗುತ್ತದೆ. ಒಂದರಲ್ಲಿ ಎರಡು ಮೈಗಳ ನಡುವೆ ಕಪ್ಪು ನೂಲನ್ನು ಸೇರಿಸಿ ನೇಯ್ದಿರುತ್ತಾರೆ. ಅದು ಮೃದು, ಚೆನ್ನಾಗಿ ನೆರಿಗೆ ಬೀಳುತ್ತದೆ, ಒಗೆಯುವುದೂ ಸುಲಭ, ಆದರೆ ಟಾರ್ಚಿನ ಬೆಳಕು ಮಂಕಾಗಿ ಕಾಣಿಸಿಯೇ ಕಾಣಿಸುತ್ತದೆ. ಇನ್ನೊಂದರ ಹಿಂಬದಿಗೆ ಅಕ್ರಿಲಿಕ್ ಲೇಪನವನ್ನು ಪದರ ಪದರವಾಗಿ ಬಳಿದಿರುತ್ತಾರೆ. ಬಿಳಿ, ಕಪ್ಪು, ಮತ್ತೆ ಬಿಳಿ ಎಂದು ಮೂರು ಸಲ ಬಳಿದದ್ದಾದರೆ ಟಾರ್ಚು ಸತ್ತೇ ಹೋಗುತ್ತದೆ.

ನೇಯ್ಗೆಯದರ ಮೇಲೆ ಶೇಕಡಾ 99ರಷ್ಟು ಬೆಳಕು ತಡೆಯುತ್ತದೆ ಎಂದು ಬರೆದಿತ್ತು. ಕೇಳಲು ಅಷ್ಟು ಸಾಕು ಅನ್ನಿಸುತ್ತದೆ. ಆದರೆ ಬೆಳಕನ್ನು ಅಳೆಯುವ ಮಾನವಾದ ಲಕ್ಸ್ ಲೆಕ್ಕದಲ್ಲಿ ನೇರ ಬಿಸಿಲು ಎಂದರೆ ಸುಮಾರು 1 ಲಕ್ಷ. ಉಳಿದ ಆ ಶೇಕಡಾ ಒಂದು, ಬಟ್ಟೆಯ ಒಳಮೈಯಲ್ಲಿ 1000 ಲಕ್ಸ್. ಅದು ಕೋಣೆಯೊಳಗೆ ಹರಡಿ ತೆಳುವಾಗುತ್ತದೆ ನಿಜ, ಆದರೂ ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇರುವುದಿಲ್ಲ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಅಕ್ಕನ ಮನೆಯಲ್ಲಿ ಇರುವುದು ನೇಯ್ಗೆಯದೇ. ಅವಳು ರಾತ್ರಿ ಮಲಗಿ ಬೆಳಿಗ್ಗೆ ಏಳುವವಳು, ಬೀದಿ ದೀಪ ಮರೆಯಾದರೆ ಅವಳಿಗೆ ಸಾಕು. ಬೆಳಗಿನ ಸೂರ್ಯನನ್ನೇ ಎದುರಿಸಬೇಕಾದ ನಾನು ಲೇಪನದ್ದನ್ನು ಆರಿಸಿಕೊಂಡೆ. ಇಂದೂ ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಪಶ್ಚಾತ್ತಾಪ ಇರುವುದು ಕತ್ತರಿಯ ಬಗ್ಗೆ.

ಹೊಲಿಗೆ ಯಂತ್ರ ಇರುವುದು ಅಕ್ಕನ ಬಳಿ. ಪರದೆಯನ್ನು ಮುಟ್ಟಿ ನೋಡಿದವಳೇ, "ಕತ್ತರಿಸುವುದು ಯಾಕೋ? ಉದ್ದ ಇದ್ದರೆ ಮಂಚದ ಹಿಂದೆ ಇಳಿಯುತ್ತದೆ, ಯಾರು ನೋಡುತ್ತಾರೆ?" ಎಂದಳು.

"ತಮ್ಮನಿಗೆ ಅಣ್ಣನ ಅಂಗಿ ತೊಡಿಸಿದ ಹಾಗೆ ಕಾಣುತ್ತದೆ ಅಕ್ಕ" ಎಂದೆ ನಾನು. ಗಿಡ್ಡ ಕಿಟಕಿಗೆ ಗಿಡ್ಡ ಪರದೆಯೇ ಶೋಭೆ ಎಂದು ಅದು ಹೇಗೋ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಕಿಟಕಿ ಕಟ್ಟೆಗೆ ಸರಿಯಾಗಿ ಮುಟ್ಟಬೇಕು, ಒಂದು ಬೆರಳೂ ಕೆಳಗೆ ಬರಬಾರದು ಎಂದು ಹಟ ಹಿಡಿದೆ. ಪರದೆಯನ್ನು ತೂಗುಹಾಕಿ, ಕೆಳಗಿನಿಂದ ಮಡಿಸಿ, ಗೇಣಿಗೊಂದರಂತೆ ಒಟ್ಟು ಆರು ಗುಂಡುಸೂಜಿ ಚುಚ್ಚಿ ಎತ್ತರ ಗುರುತು ಮಾಡಿದೆ. ಹೆಚ್ಚಿನ ಬಟ್ಟೆಯನ್ನು ಕತ್ತರಿಸಿದೆವು. ಅಕ್ಕ 3 ಇಂಚಿನ ಮಡಿಕೆ ಇಟ್ಟು ಹೊಲಿದಳು. ತೂಗುಹಾಕಿ ನೋಡಿದರೆ ಒಂದಿಂಚು ಮೇಲಾಗಿತ್ತು. ಬಿಚ್ಚಿ, ಒಂದಿಂಚು ಇಳಿಸಿ, ಮತ್ತೆ ಹೊಲಿದಳು. ಎರಡನೆಯ ಸಲ ಅವಳು ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಪರದೆ ಎಳೆದು ದೀಪ ಆರಿಸಿದಾಗ ಗೊತ್ತಾಯಿತು. ಕಪ್ಪನೆಯ ಪರದೆಯ ಕೆಳಭಾಗದಲ್ಲಿ, ಈ ತುದಿಯಿಂದ ಆ ತುದಿಯವರೆಗೆ, ಬೆಳಕಿನ ಎರಡು ಗೆರೆಗಳು. ಕೆಳಗಿನದು ಈಗಿನ ಹೊಲಿಗೆ, ಸ್ವಲ್ಪ ಮಂಕು. ಮೇಲಿನದು ಬಿಚ್ಚಿದ ಹೊಲಿಗೆ, ಸೂಜಿ ಹೊಕ್ಕ ಒಂದೊಂದು ಕಡೆಯೂ ಒಂದೊಂದು ಚುಕ್ಕೆ. ಅದರ ಬಳಿ ಗುಂಡುಸೂಜಿ ಚುಚ್ಚಿದ ಆರು ಜಾಗಗಳು ಇನ್ನೂ ಪ್ರಖರವಾಗಿ ಉರಿಯುತ್ತಿದ್ದವು.

ಬರೀ ನೂಲಿನ ಬಟ್ಟೆಯಾಗಿದ್ದರೆ ಸೂಜಿ ಹೊಕ್ಕಲ್ಲಿ ಎಳೆಗಳು ಪಕ್ಕಕ್ಕೆ ಸರಿಯುತ್ತವೆ, ಸೂಜಿ ಹೋದ ಮೇಲೆ ಉಜ್ಜಿದರೆ ಮತ್ತೆ ಕೂಡಿಕೊಳ್ಳುತ್ತವೆ. ಲೇಪನ ಹಾಗಲ್ಲ. ಅದೊಂದು ಪೊರೆ. ಒಮ್ಮೆ ತೂತಾದರೆ ಆಯಿತು, ನೀರು ಹಾಕಿ ಉಜ್ಜಿದರೂ ಮುಚ್ಚುವುದಿಲ್ಲ. ಕಾರ್ಖಾನೆಯ ಹೊಲಿಗೆಯಲ್ಲೂ ಇದೇ ತೂತುಗಳು ಇರುತ್ತವೆ. ಆದರೆ ಪರದೆ ಕಿಟಕಿಗಿಂತ ಉದ್ದವಾಗಿದ್ದಾಗ ಆ ಹೊಲಿಗೆ ಗೋಡೆಯ ಮುಂದೆ ಬರುತ್ತದೆ, ಅದರ ಹಿಂದೆ ಬೆಳಕೇ ಇರುವುದಿಲ್ಲ. ಅಂಚನ್ನು ಕಟ್ಟೆಗೆ ಸರಿಯಾಗಿ ತಂದು ನಿಲ್ಲಿಸಿದರೆ, ಎರಡಿಂಚು ಮೇಲಿರುವ ಹೊಲಿಗೆ ನೇರವಾಗಿ ಗಾಜಿನ ಮುಂದೆ ಬಂದು ಕೂರುತ್ತದೆ. ನಾನು ಮಾಡಿದ್ದು ಅದನ್ನೇ.

ಇನ್ನೊಂದು ಪೆಟ್ಟು ನಿಧಾನವಾಗಿ ಬಿತ್ತು. ರಾಡನ್ನು ಚೌಕಟ್ಟಿನಿಂದ ಬರೀ ಎರಡು ಇಂಚು ಮೇಲೆ ಹಾಕಿಸಿದ್ದೆ, ಪಕ್ಕಗಳಲ್ಲೂ ಅಷ್ಟೇ. ಪರದೆಗಿರುವುದು ದೊಡ್ಡ ಲೋಹದ ಉಂಗುರಗಳು. ರಾಡಿಗೂ ಗೋಡೆಗೂ ನಡುವಿನ ಸಂದಿಯಿಂದ ಬೆಳಕು ಮೇಲಕ್ಕೆ ಚಿಮ್ಮಿ, ಚಾವಣಿಯ ಮೇಲೆ ಉದ್ದನೆಯ ಬಿಳಿ ಪಟ್ಟಿಯಾಗಿ ಬೀಳುತ್ತಿತ್ತು. ರಾಡನ್ನು ಆರು ಇಂಚು ಮೇಲಕ್ಕೆ, ಪಕ್ಕಕ್ಕೆ ಎಂಟೆಂಟು ಇಂಚು ಹೊರಕ್ಕೆ ಹಾಕಿ, ತುದಿಗಳು ಗೋಡೆಯ ಕಡೆಗೆ ಬಾಗುವ ರಾಡನ್ನೇ ತಂದರೆ ಇದು ಬಹುಪಾಲು ನಿಲ್ಲುತ್ತದೆ. ಗಿಡ್ಡ ಕಿಟಕಿಯೂ ಆಗ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಆದರೆ ನಾನು ರಾಡನ್ನು ಮೇಲೆತ್ತಿದರೆ ಪರದೆಯೂ ಅದರ ಜೊತೆಗೇ ಮೇಲೆ ಹೋಗುತ್ತದೆ, ಕೆಳಗೆ ನಾಲ್ಕು ಇಂಚು ಬಿಸಿಲು! ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುತ್ತದೆಯೇ? ರಾಡು ಎಲ್ಲಿ ಎಂದು ತೀರ್ಮಾನವಾಗುವ ಮೊದಲು ಬಟ್ಟೆಗೆ ಕತ್ತರಿ ಹಾಕುವುದು ಅಳತೆ ಕೊಡದೆ ಅಂಗಿ ಹೊಲಿಸಿದಂತೆ. ಆ ಕಾಲದಲ್ಲಿ ನನ್ನನ್ನು ಕೇಳಿದ್ದರೆ ಐದರಲ್ಲಿ ಎರಡು ನಕ್ಷತ್ರವನ್ನೂ ಕೊಡುತ್ತಿರಲಿಲ್ಲ. ತಪ್ಪು ಪರದೆಯದೇ ಎಂದು ಸುಮಾರು ಆರು ತಿಂಗಳು ನಂಬಿಕೊಂಡಿದ್ದೆ.

ಗಿಡ್ಡಗೆ ಕತ್ತರಿಸಿದ್ದರಿಂದ ಭಾರವೂ ಹೋಯಿತು. ಲೇಪನದ ಬಟ್ಟೆ ಸ್ವಲ್ಪ ಬಿಗಿ ಸ್ವಭಾವದ್ದು, ತನ್ನ ತೂಕದಿಂದಲೇ ನೇರವಾಗಿ ನಿಲ್ಲಬೇಕು. ಮೂರಡಿ ಚಿಲ್ಲರೆ ಉಳಿದ ಮೇಲೆ ಅದು ಕೆಳಗೆ ಲಂಗದಂತೆ ಅಗಲಿಸಿಕೊಂಡು ನಿಂತಿತು. ಕಿಟಕಿ ಒಂದು ಚೂರು ತೆರೆದರೂ ಬಾವುಟ. ಮಡಿಕೆಯೊಳಗೆ ತೂಕದ ಸರಪಳಿ ತೂರಿಸಿದ ಮೇಲೆ ಅದು ತಹಬಂದಿಗೆ ಬಂತು. ತೂರಿಸಲು ಪಕ್ಕದ ಬಾಯಿ ಸಾಕು, ಹೊಸ ಹೊಲಿಗೆ ಬೇಡ. ಅಷ್ಟು ಹೊತ್ತಿಗೆ ನನಗೆ ಸೂಜಿ ಕಂಡರೆ ಆಗುತ್ತಿರಲಿಲ್ಲ.

ಇಷ್ಟಾದರೂ ಪರದೆ ಬದಲಿಸಲಿಲ್ಲ. ಹೊಸದು ಕೊಂಡು ಆರು ತಿಂಗಳಾಗಿತ್ತಷ್ಟೇ, ಮತ್ತೆ ಹಣ ಹಾಕಲು ಮನಸ್ಸು ಬರಲಿಲ್ಲ. ಅದರ ಜೊತೆ ಬಾಳಲು ಕಲಿತೆ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಐದು ನಿಮಿಷದ ಕೆಲಸವೊಂದಿದೆ. ಮೊದಲು ಎಡದ ಪರದೆ, ಆಮೇಲೆ ಅದರ ಮೇಲೆ ನಾಲ್ಕು ಬೆರಳು ಹಾಯುವಂತೆ ಬಲದ್ದು. ನಡುವೆ ಒಂದು ಬಟ್ಟೆ ಕ್ಲಿಪ್ಪು. ಗೋಡೆಯ ಎರಡೂ ಬದಿಗೆ ಅಂಟಿಸಿದ ವೆಲ್ಕ್ರೋ ಪಟ್ಟಿಯ ಮೇಲೆ ಅಂಚನ್ನು ಮೇಲಿನಿಂದ ಕೆಳಗೆ ಹೆಬ್ಬೆರಳಿನಿಂದ ಒತ್ತುತ್ತಾ ಬರುತ್ತೇನೆ. ಏಳುವಾಗ ಅದು ಪರ್‌ರ್ ಎಂದು ಬಿಚ್ಚಿಕೊಳ್ಳುವ ಸದ್ದೇ ಈಗ ನನಗೆ ಬೆಳಗಾಯಿತು ಎಂಬ ಗುರುತು, ಗಡಿಯಾರದಲ್ಲಿ ಮಧ್ಯಾಹ್ನ ಮೂರಾಗಿದ್ದರೂ ಸರಿ. ರಾಡಿನ ಮೇಲ್ಭಾಗಕ್ಕೆ ಗೋಡೆಯಿಂದ ಗೋಡೆಗೆ ಒಂದು ದಪ್ಪ ರಟ್ಟನ್ನು ಮುಚ್ಚಳದಂತೆ ಇಟ್ಟೆ. ನೋಡಲು ಚೆಂದವಿರಲಿಲ್ಲ, ಆದರೆ ಚಾವಣಿಯ ಪಟ್ಟಿ ಹೋಯಿತು. ಕಣ್ಣಿಗೆ ಬೆಳಕು ಬಿದ್ದರೆ ದೇಹದಲ್ಲಿ ನಿದ್ರೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನು ತಗ್ಗುತ್ತದೆ, ನಿದ್ರೆ ಹಗುರಾಗುತ್ತದೆ. ಪಟ್ಟಿ ಹೋದ ವಾರದಿಂದ ಹನ್ನೊಂದು ಗಂಟೆಗೆ ಎಚ್ಚರವಾಗುವುದು ನಿಂತಿತು.

ಉಳಿದದ್ದು ತೂತುಗಳು. ಹೊಲಿಗೆಯ ಎರಡೂ ಗೆರೆಗಳಿಗೆ ಹಿಂಬದಿಯಿಂದ ಕಪ್ಪು ಬಟ್ಟೆಯ ಟೇಪು ಅಂಟಿಸಿದೆ. ಇಸ್ತ್ರಿ ಮಾಡಿ ಅಂಟಿಸುವ ಪಟ್ಟಿಯನ್ನು ಇದಕ್ಕೆ ಬಳಸಬೇಡಿ, ಬಿಸಿಗೆ ಲೇಪನವೇ ಅಂಟಂಟಾಗಿ ಹಾಳಾಗುತ್ತದೆ. ಆ ಗುಂಡುಸೂಜಿಯ ಆರು ತೂತುಗಳು ಟೇಪಿನ ಅಗಲಕ್ಕೆ ಸಿಗದೆ ಅರ್ಧ ಇಂಚು ಮೇಲೆ ಉಳಿದವು. ನಾಳೆ ಮುಚ್ಚೋಣ ಎಂದು ಮಲಗಿದೆ.

ಮಲಗಿ, ಎದುರು ಗೋಡೆ ನೋಡಿದೆ. ಗೋಡೆಯ ಮೇಲೆ ಆರು ನಾಣ್ಯಗಳು. ದುಂಡಗೆ, ಒಂದೇ ಅಳತೆಯವು, ಒಂದಿಂಚಿಗಿಂತ ಚೂರು ದೊಡ್ಡವು. ಸೂಜಿ ಓರೆಯಾಗಿ ಚುಚ್ಚಿದ್ದ ತೂತು ಸೀಳಿನಂತಿತ್ತು, ಆದರೂ ಅದರ ನಾಣ್ಯವೂ ದುಂಡಗೇ ಇತ್ತು. ಆಗ ಹೊಳೆಯಿತು, ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ಶಾಲೆಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಮಾಡಿದ್ದ ಸೂಜಿರಂಧ್ರ ಕ್ಯಾಮೆರಾದ ಒಳಗೇ ನಾನು ದಿಂಬು ಹಾಕಿಕೊಂಡು ಮಲಗಿದ್ದೆ. ಬಿಂಬದ ಅಗಲ ತೂತಿನಿಂದ ಗೋಡೆಗಿರುವ ದೂರದ ಸುಮಾರು 108ರಲ್ಲಿ ಒಂದು ಪಾಲು. ನನ್ನ ಗೋಡೆ ಹತ್ತು ಅಡಿ ದೂರದಲ್ಲಿದೆ, ಲೆಕ್ಕ ಹಾಕಿದೆ, ಸರಿಹೋಯಿತು.

ಸೂರ್ಯ ಏರಿದಂತೆ ಅವು ಗೋಡೆಯ ಮೇಲೆ ಇಳಿಯುತ್ತವೆ. ಒಂದು ನಾಣ್ಯ ತನ್ನದೇ ಅಗಲದಷ್ಟು ಸರಿಯಲು ಎರಡು ನಿಮಿಷ ಬೇಕು. ದಿಟ್ಟಿಸಿದರೆ ಚಲಿಸುವುದು ಕಾಣುವುದಿಲ್ಲ, ಒಮ್ಮೆ ಕಣ್ಣು ಮುಚ್ಚಿ ತೆರೆದರೆ ಎಲ್ಲವೂ ಜಾಗ ಬದಲಿಸಿರುತ್ತವೆ. ತೆಳು ಮೋಡ ಹಾದುಹೋದರೆ ಆರೂ ಒಟ್ಟಿಗೆ ಮಬ್ಬಾಗಿ, ಒಟ್ಟಿಗೆ ತಿಳಿಯಾಗುತ್ತವೆ. ಅವು ಗೋಡೆಯಿಂದ ನೆಲಕ್ಕೆ ಇಳಿಯುವುದನ್ನು ನಾನು ಇದುವರೆಗೆ ಒಮ್ಮೆಯೂ ನೋಡಿಲ್ಲ, ಅಷ್ಟರಲ್ಲಿ ನಿದ್ರೆ ಬಂದಿರುತ್ತದೆ. ಆ ಆರು ತೂತುಗಳನ್ನು ಮುಚ್ಚುವ ನಾಳೆ ಇನ್ನೂ ಬಂದಿಲ್ಲ.

ಬಾಳಿಕೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಹೊಸದರಲ್ಲಿ ಒಂದು ವಾರ ಪ್ಲಾಸ್ಟಿಕ್ ವಾಸನೆ ಇತ್ತು, ನೆರಳಿನಲ್ಲಿ ಗಾಳಿಗೆ ಹಾಕಿದ ಮೇಲೆ ಹೋಯಿತು. ಬಣ್ಣ ಮಾಸಿಲ್ಲ. ಬಿಳಿ ಲೇಪನ ಗಾಜಿನ ಕಡೆಗಿರುವುದರಿಂದ ಬಿಸಿಲಿನ ಒಂದಷ್ಟು ಪಾಲು ತಿರುಗಿ ಹೋಗುತ್ತದೆ, ಕೋಣೆ ಕಾಯುವುದು ಕಡಿಮೆ. ಚಳಿಗಾಲದಲ್ಲಿ ಗಾಜಿನ ಮೇಲೆ ಹನಿಗಟ್ಟಿ ಕೆಳಗಿನ ಅಂಚಿಗೆ ಬೂಸಲು ಹಿಡಿಯಲು ನೋಡಿತ್ತು. ಎದ್ದ ತಕ್ಷಣ ಪರದೆ ಸರಿಸಿ ಗಾಳಿಯಾಡಲು ಬಿಟ್ಟರೆ ತೊಂದರೆಯಿಲ್ಲ. ಯಂತ್ರಕ್ಕೆ ಹಾಕಿ ಹಿಂಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ನನ್ನದು ಕೆಟ್ಟಿದ್ದು ಬೇರೆ ಕಡೆ: ದಿನವೂ ಪರದೆಯನ್ನು ಒಂದೇ ಜಾಗದಲ್ಲಿ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದೆ. ಮೂರನೆಯ ವರ್ಷ ಅಲ್ಲಿ ಲೇಪನ ಕೂದಲೆಳೆಯಂತೆ ಬಿರುಕು ಬಿಟ್ಟಿತು, ಉಗುರು ತಾಗಿದರೆ ಹಕ್ಕಳೆಯಾಗಿ ಏಳುತ್ತದೆ. ಕಟ್ಟದೆ ಬರೀ ಪಕ್ಕಕ್ಕೆ ತಳ್ಳಿದ್ದರೆ ಇನ್ನೂ ಎರಡು ವರ್ಷ ಬರುತ್ತಿತ್ತೇನೋ.

ಹೀಗಾಗಿ ಕಳೆದ ತಿಂಗಳು ಮತ್ತೊಂದು ಜೊತೆ ತಂದೆ. ಅದೇ ಬಟ್ಟೆ, ಅದೇ ಐದಡಿ. ಈ ಸಲ ರಾಡನ್ನು ಮೊದಲು ಮೇಲಕ್ಕೆ ಹಾಕಿಸಿದೆ, ತುದಿ ಬಾಗಿದ ರಾಡು. ಕಿಟಕಿ ಮುಗಿದ ಮೇಲೂ ಪರದೆ ಒಂದೂಕಾಲು ಅಡಿ ಕೆಳಗಿಳಿದು ತಲೆಹಲಗೆಯ ಹಿಂದೆ ಮರೆಯಾಗುತ್ತದೆ. ಅಣ್ಣನ ಅಂಗಿಯಂತೇನೂ ಕಾಣುವುದಿಲ್ಲ, ಅಥವಾ ಕಂಡರೂ ನನಗೆ ಈಗ ಅದರ ಚಿಂತೆಯಿಲ್ಲ. ರಟ್ಟಿನ ಮುಚ್ಚಳವೂ ಬೇಕಾಗಿಲ್ಲ. ಕೋಣೆ ಎಷ್ಟು ಕತ್ತಲಾಗಿದೆಯೆಂದರೆ ನನ್ನ ಕೈಯೇ ನನಗೆ ಕಾಣಿಸುವುದಿಲ್ಲ. ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಕಿಟಕಿಯ ಕೆಳಗೆ ಮೇಜು, ಕಟ್ಟೆ ಏನಾದರೂ ಇದ್ದು ಉದ್ದ ಬಿಡಲು ಸಾಧ್ಯವೇ ಇಲ್ಲದವರು ಮಾತ್ರ ಇದನ್ನು ಬಿಟ್ಟು ನೇಯ್ಗೆಯದನ್ನು ಕೊಳ್ಳಲಿ, ಕತ್ತರಿಸಿ ಹೊಲಿದರೂ ಹೀಗೆ ತೂತು ಉಳಿಯುವುದಿಲ್ಲ.

ಹೊಸದನ್ನು ತೂಗುಹಾಕುವ ದಿನ ಅಕ್ಕ ಬಂದಿದ್ದಳು. ಎತ್ತರ ಸರಿಯಿದೆಯೇ ನೋಡೋಣ ಎಂದು ಅಭ್ಯಾಸಬಲದಿಂದ ಗುಂಡುಸೂಜಿಯ ಡಬ್ಬಿ ತೆಗೆದಳು. ಕೈ ಹಿಡಿದು, ಬಟ್ಟೆ ಕ್ಲಿಪ್ಪು ಕೊಟ್ಟೆ. ಹಳೆಯ ಪರದೆಯನ್ನು ಬಿಸಾಡಲೇ ಎಂದು ಕೇಳಿದಳು. ಅದು ಈಗ ನಡುಮನೆಯ ಪೂರ್ವದ ಕಿಟಕಿಯಲ್ಲಿದೆ, ಅದೂ ಗಿಡ್ಡ ಕಿಟಕಿಯೇ. ರಜೆಯ ದಿನ ಬೆಳಿಗ್ಗೆ ನಾನು ಅಲ್ಲೇ ಚಾಪೆ ಹಾಕಿಕೊಳ್ಳುತ್ತೇನೆ.