ಸ್ಪ್ಲೆಂಡರ್, ಕ್ಲಾಸಿಕ್, ಅವೆಂಜರ್: ನಿಮ್ಮ ಮೈಗೆ ಯಾವುದು ಹೊಂದುತ್ತದೆ?

ನಮ್ಮ ಬಳ್ಳಾರಿಯಲ್ಲಿ ಬೈಕ್ ಅಂದ ಕೂಡಲೇ ಕೇಳುವುದು ‘ಎಷ್ಟು ಕೊಡುತ್ತೆ?’ ಅಂತ. ಮೈಲೇಜ್ ಬೇಕು, ನಿಜ. ಆದರೆ ದಿನಾ ಹೊಸಪೇಟೆಗೆ ಹೋಗಿ ಬರುವವರಿಗೆ ಸೊಂಟವೂ ಬೇಕು ಅಲ್ವಾ?

ಸ್ಪ್ಲೆಂಡರ್ ಪ್ಲಸ್ ಸೀಟು ನೆಲದಿಂದ 785 ಮಿ.ಮೀ., ತೂಕ ಸುಮಾರು 112 ಕೆಜಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 805 ಮಿ.ಮೀ., 195 ಕೆಜಿ. ಎತ್ತರದಲ್ಲಿ ವ್ಯತ್ಯಾಸ ಬರೀ 2 ಸೆಂಟಿಮೀಟರ್. ಆದರೆ ಕ್ಲಾಸಿಕ್ ಸೀಟು ಅಗಲ. ತೊಡೆ ಹೊರಕ್ಕೆ ಹರಡಿದಷ್ಟೂ ಕಾಲು ನೆಲಕ್ಕೆ ಸಿಗುವುದು ಕಷ್ಟ. ರಾಯಲ್ ಸರ್ಕಲ್‌ನ ಸಿಗ್ನಲ್‌ನಲ್ಲಿ, ಹಿಂದೆ ಹೆಂಡತಿ, ಮುಂದೆ ಟ್ಯಾಂಕ್ ಮೇಲೆ ಚೀಲ, ತುದಿಗಾಲಲ್ಲಿ ನಿಂತು ಅಷ್ಟು ತೂಕ ಹಿಡಿಯುವುದನ್ನು ಯೋಚಿಸಿ. ಎತ್ತರದವರಿಗೆ ಮಾತ್ರ ಕ್ಲಾಸಿಕ್ ಸುಖ. ಉದ್ದ ಕಾಲಿನವರ ಮಂಡಿ ಸ್ಪ್ಲೆಂಡರ್‌ನಲ್ಲಿ ಜಾಸ್ತಿ ಮಡಚುತ್ತದೆ.

ಬಜಾಜ್ ಅವೆಂಜರ್ ಸೀಟು 737 ಮಿ.ಮೀ. ಮಾತ್ರ. ಗಿಡ್ಡ ಇರುವವರಿಗೂ ಪಾದ ಪೂರ್ತಿ ಊರುತ್ತದೆ. ಆದರೆ ಕಾಲು ಮುಂದಕ್ಕೆ ಚಾಚಿ ಕೂರುವುದರಿಂದ ಮೈಭಾರವೆಲ್ಲ ಬೆನ್ನಿನ ಬುಡಕ್ಕೇ. ಅದಿರಿನ ಲಾರಿಗಳು ಓಡಾಡುವ ಸಂಡೂರು ಕಡೆಯ ರಸ್ತೆಯಲ್ಲಿ ತಗ್ಗು ಬಂದರೆ, ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಲು ಆಗುವುದಿಲ್ಲ. ಬೆನ್ನುನೋವು ಇದ್ದವರಿಗೆ ಈ ಬೈಕ್ ತಗೊಳ್ಳಿ ಅಂತ ನಾನು ಹೇಳುವುದಿಲ್ಲ.

5 ಅಡಿ 4 ಇಂಚಿನೊಳಗಿದ್ದು ದಿನಾ ಓಡಿಸುವವರಾದರೆ ನನ್ನ ಆಯ್ಕೆ ಸ್ಪ್ಲೆಂಡರ್. ಶೋರೂಮ್‌ನಲ್ಲಿ ಸುಮ್ನೆ ಕೂತು ಇಳಿಯಬೇಡಿ. ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿ, ಸ್ಟ್ಯಾಂಡ್ ತೆಗೆದು, ಕೂತಲ್ಲಿಂದಲೇ ಹಿಂದಕ್ಕೆ ತಳ್ಳಿ ನೋಡಿ.